ತೊಂಬತ್ತೊಂಬತ್ತು ಸಿನಿಮಾಗಳ ಬೇಸಿಗೆ

ನೂರು ಕೋಟಿ ಕ್ಲಬ್ ಅನ್ನೋ ಮಾತನ್ನು ಸ್ಟುಡಿಯೋದಲ್ಲಿ ಕೂತು ಎಷ್ಟು ಸಲ ಹೇಳಿದ್ದೇನೋ, ನಾನೇ ಲೆಕ್ಕ ಇಟ್ಟಿಲ್ಲ. ಶುಕ್ರವಾರ ಬಂತು ಅಂದ್ರೆ ಓಪನಿಂಗ್ ಎಷ್ಟು, ಶನಿವಾರ ಏರಿತಾ, ಸೋಮವಾರ ಬಿತ್ತಾ. ನಮ್ಮ ಚಾನೆಲ್‌ಗಳ ಮಟ್ಟಿಗೆ ಸಿನಿಮಾ ಸುದ್ದಿ ಅಂದ್ರೆ ಇಷ್ಟೇ. ಇವತ್ತು ಬೇರೆ ಒಂದು ಸಂಖ್ಯೆ ಹೇಳ್ತೀನಿ. ತೊಂಬತ್ತೊಂಬತ್ತು. ಕೋಟಿಯೂ ಅಲ್ಲ, ಲಕ್ಷವೂ ಅಲ್ಲ. 1950ರಲ್ಲಿ ಕಲ್ಕತ್ತಾದ ಒಬ್ಬ ಜಾಹೀರಾತು ಕಂಪನಿ ನೌಕರ ಆಫೀಸಿನ ಕೆಲಸದ ಮೇಲೆ ಲಂಡನ್ನಿಗೆ ಹೋಗಿ, ಅಲ್ಲಿದ್ದ ಸುಮಾರು ಐದು ತಿಂಗಳಲ್ಲಿ ನೋಡಿ ಮುಗಿಸಿದ ಸಿನಿಮಾಗಳ ಸಂಖ್ಯೆ ಅದು.

ಆ ನೌಕರನ ಹೆಸರು ಸತ್ಯಜಿತ್ ರೇ.

ರೇ ಅವರ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ‘ಪಥೇರ್ ಪಾಂಚಾಲಿ’ಯಿಂದ ಶುರು ಮಾಡ್ತೀವಿ, ಆಸ್ಕರ್‌ನಲ್ಲಿ ಮುಗಿಸ್ತೀವಿ. ನನಗೆ ಅದಕ್ಕಿಂತ ಈ ತೊಂಬತ್ತೊಂಬತ್ತರ ಬೇಸಿಗೆಯೇ ಹೆಚ್ಚು ಕುತೂಹಲ. ಯಾಕೆ ಅಂದ್ರೆ, ಒಬ್ಬ ನಿರ್ದೇಶಕ ಹುಟ್ಟೋಕೆ ಕ್ಯಾಮೆರಾ ಬೇಕು, ದುಡ್ಡು ಬೇಕು, ಕತೆ ಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಒಂದು ಥಿಯೇಟರ್ ಬೇಕು ಅಂತ ಯಾರೂ ಹೇಳೋದಿಲ್ಲ. ಅವನ ಸಿನಿಮಾ ಹಾಕೋ ಥಿಯೇಟರ್ ಅಲ್ಲ, ಅದು ಆಮೇಲಿನ ಮಾತು. ಅವನು ಬೇರೆಯವರ ಸಿನಿಮಾ ನೋಡೋ ಥಿಯೇಟರ್.

ಲೆಕ್ಕ ಹಾಕಿ ನೋಡಿ. ಐದು ತಿಂಗಳು ಅಂದ್ರೆ ನೂರೈವತ್ತು ದಿನ. ಮೂರು ದಿನಕ್ಕೆ ಎರಡು ಸಿನಿಮಾ. ಹಗಲು ಆಫೀಸು, ಸಂಜೆ ಸಿನಿಮಾ. ಜೊತೆಗೆ ಹೆಂಡತಿ ಬಿಜೋಯಾ. ಮಹಾಯುದ್ಧ ಮುಗಿದು ಐದು ವರ್ಷವಾಗಿದ್ದರೂ ಲಂಡನ್‌ನಲ್ಲಿ ಸಕ್ಕರೆಗೆ, ಮಾಂಸಕ್ಕೆ ಇನ್ನೂ ರೇಷನ್ ಇತ್ತು. ಸಿನಿಮಾಕ್ಕೆ ಮಾತ್ರ ರೇಷನ್ ಇರಲಿಲ್ಲ. ಬೇಸಿಗೆ ಅಂದೆನಲ್ಲ, ಅದು ನಮ್ಮ ರಾಯಚೂರಿನ ಬೇಸಿಗೆ ಅಲ್ಲ. ರಾತ್ರಿ ಒಂಬತ್ತಾದರೂ ಬೆಳಕಿರುವ, ಕೋಟು ಹಾಕಿಕೊಂಡೇ ಓಡಾಡುವ ಬೇಸಿಗೆ.

ಆಗ ಅವರ ವಯಸ್ಸು ಇಪ್ಪತ್ತೊಂಬತ್ತು. 1943ರಲ್ಲಿ ಡಿ. ಜೆ. ಕೀಮರ್ ಅನ್ನೋ ಬ್ರಿಟಿಷ್ ಜಾಹೀರಾತು ಕಂಪನಿಗೆ ತಿಂಗಳಿಗೆ 80 ರೂಪಾಯಿ ಸಂಬಳಕ್ಕೆ ಸೇರಿದವರು. ಚಿತ್ರ ಬರೆಯೋದು ಕೆಲಸ. ಸಿಗ್ನೆಟ್ ಪ್ರೆಸ್‌ಗೆ ಪುಸ್ತಕದ ಮುಖಪುಟ ಮಾಡಿಕೊಡುತ್ತಿದ್ದರು. ಹಾಗೆ ಮಾಡಿಕೊಡುವಾಗ ಕೈಗೆ ಬಂದದ್ದು ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿ. ಅದಕ್ಕೆ ಚಿತ್ರ ಬರೆಯುತ್ತಾ ಬರೆಯುತ್ತಾ ಇದು ಸಿನಿಮಾ ಆಗಬಹುದಲ್ಲ ಅನ್ನಿಸಿತು. ಅನ್ನಿಸಿದ್ದೇನೋ ಸರಿ, ಮಾಡೋದು ಹೇಗೆ? ಸ್ಟುಡಿಯೋ ಬೇಕು, ಲೈಟು ಬೇಕು, ಸ್ಟಾರ್ ಬೇಕು, ಹಾಡು ಬೇಕು. ಹೊರಾಂಗಣದಲ್ಲಿ, ನಟನೆ ಗೊತ್ತಿಲ್ಲದವರನ್ನು ಇಟ್ಟುಕೊಂಡು ಸಿನಿಮಾ ತೆಗೆಯೋಕಾಗಲ್ಲ ಅಂತ ಆ ಕಸುಬಿನವರೇ ಹೇಳುತ್ತಿದ್ದರು.

ಕಲ್ಕತ್ತಾದಲ್ಲಿ ಸಿನಿಮಾಗೇನು ಬರ ಇರಲಿಲ್ಲ. ಹಾಲಿವುಡ್ ಚಿತ್ರಗಳು ಧಾರಾಳವಾಗಿ ಬರುತ್ತಿದ್ದವು, ಬಂಗಾಳಿ ಇತ್ತು, ಹಿಂದಿ ಇತ್ತು. ಬರದೇ ಇದ್ದದ್ದು ಉಳಿದ ಪ್ರಪಂಚ. ಇಟಲಿ, ಫ್ರಾನ್ಸ್, ರಷ್ಯಾ, ಜಪಾನ್. ತರಿಸೋಕೆ ವಿತರಕರಿಗೆ ಲಾಭ ಇಲ್ಲ, ಲಾಭ ಇಲ್ಲದ್ದನ್ನು ಯಾರು ತರಿಸ್ತಾರೆ? ಅದಕ್ಕೇ 1947ರಲ್ಲಿ ರೇ, ಚಿದಾನಂದ ದಾಸ್‌ಗುಪ್ತ ಮತ್ತು ಕೆಲವು ಗೆಳೆಯರು ಸೇರಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಮೊದಲು ತೋರಿಸಿದ್ದು ಐಸೆನ್‌ಸ್ಟೈನ್‌ನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಇಲ್ಲೊಂದಿಷ್ಟು ಹುಡುಗರು ಕತ್ತಲೆಯಲ್ಲಿ ಕೂತು ರಷ್ಯಾದ ನಾವಿಕರ ಬಂಡಾಯ ನೋಡುತ್ತಿದ್ದರು. ಆದರೆ ಸೊಸೈಟಿ ಅಂದ್ರೆ ಎಷ್ಟು ಸಿಗುತ್ತೆ? ಸಿಕ್ಕಿದ ಪ್ರಿಂಟು, ಸಿಕ್ಕಿದ ದಿನ, ಸಿಕ್ಕಿದ ಜಾಗ.

ಲಂಡನ್‌ನಲ್ಲಿ ಕತೆ ಬೇರೆ. ಅಲ್ಲಿ ಇದಕ್ಕೇ ಅಂತ ಥಿಯೇಟರ್‌ಗಳಿದ್ದವು.

ಅವು ಸುಮ್ಮನೆ ಹುಟ್ಟಿದವೂ ಅಲ್ಲ. ಇದೇ ‘ಪೊಟೆಮ್ಕಿನ್’ ಚಿತ್ರಕ್ಕೆ 1926ರಲ್ಲಿ ಬ್ರಿಟಿಷ್ ಸೆನ್ಸಾರ್ ಸರ್ಟಿಫಿಕೇಟ್ ಕೊಡಲಿಲ್ಲ. ಬಂಡಾಯದ ಸಿನಿಮಾ, ಜನ ಕೆಟ್ಟುಹೋಗ್ತಾರೆ ಅನ್ನೋ ಭಯ. ಅದಕ್ಕಿಂತ ಒಂದು ವರ್ಷ ಮೊದಲೇ, 1925ರಲ್ಲಿ, ಐವರ್ ಮಾಂಟಗು ಮತ್ತವರ ಸ್ನೇಹಿತರು ಲಂಡನ್ ಫಿಲ್ಮ್ ಸೊಸೈಟಿ ಶುರು ಮಾಡಿದ್ದರು. ಸದಸ್ಯರಿಗೆ ಮಾತ್ರ ತೋರಿಸುವುದಾದರೆ ಸೆನ್ಸಾರ್‌ನ ಹಿಡಿತ ಸಡಿಲ. ಆ ಸಂದಿಯಲ್ಲಿ ನುಗ್ಗಿ 1929ರಲ್ಲಿ ‘ಪೊಟೆಮ್ಕಿನ್’ ತೋರಿಸಿದರು. ಕಾನೂನಿನ ಸಂದಿಯಿಂದ ನುಗ್ಗೋದು ಎಲ್ಲಾ ಸಲವೂ ಕೆಟ್ಟ ಕೆಲಸವಲ್ಲ ಅನ್ನೋದಕ್ಕೆ ಇದೊಂದು ಸಾಕ್ಷಿ.

ಸೊಸೈಟಿಯಿಂದ ಥಿಯೇಟರ್‌ವರೆಗಿನ ಹೆಜ್ಜೆ ಇಟ್ಟವರಲ್ಲಿ ಒಬ್ಬ ಹೆಂಗಸಿದ್ದಾರೆ, ಎಲ್ಸಿ ಕೊಹೆನ್. 1931ರಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟ್‌ನ ಅಕಾಡೆಮಿ ಸಿನಿಮಾದಲ್ಲಿ ಯುರೋಪಿನ ಚಿತ್ರಗಳನ್ನು ಖಾಯಂ ಆಗಿ ಹಾಕೋಕೆ ಶುರು ಮಾಡಿದರು. ಟಿಕೆಟ್ ತಗೊಂಡು ಯಾರು ಬೇಕಾದರೂ ಹೋಗಬಹುದು. 1933ರಲ್ಲಿ ಹ್ಯಾಂಪ್‌ಸ್ಟೆಡ್‌ನ ಎವ್ರಿಮನ್ ಸಿನಿಮಾ ಬಂತು, 1934ರಲ್ಲಿ ಮೇಫೇರ್‌ನಲ್ಲಿ ಕರ್ಜನ್. ಯುದ್ಧದಲ್ಲಿ ಅಕಾಡೆಮಿಗೆ ಬಾಂಬಿನ ಪೆಟ್ಟು ಬಿತ್ತು, ಮತ್ತೆ ಎದ್ದು ನಿಂತಿತು. ಇಂಥವುಗಳಿಗೆ ಈಗ ಆರ್ಟ್‌ಹೌಸ್ ಅಂತಾರೆ. ಹೆಸರು ಕೇಳಿದರೆ ಏನೋ ದೊಡ್ಡವರ ಜಾಗ ಅನ್ನಿಸುತ್ತೆ. ವಿಷಯ ಸರಳ: ಸ್ಟಾರ್ ನೋಡದೆ, ಭಾಷೆ ನೋಡದೆ, ಸಿನಿಮಾ ಚೆನ್ನಾಗಿದೆಯಾ ಅಂತ ನೋಡಿ ಹಾಕುವ ಟಾಕೀಸು. ಹಾಕಿದ್ದನ್ನು ಜನಕ್ಕೆ ಗೊತ್ತಾಗುವಷ್ಟು ದಿನ ಇಟ್ಟುಕೊಳ್ಳುವ ಟಾಕೀಸು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಲಂಡನ್‌ಗೆ ಬಂದಿಳಿದ ಕೆಲವೇ ದಿನಗಳಲ್ಲಿ ರೇ ನೋಡಿದ್ದು ವಿಟ್ಟೋರಿಯೋ ಡಿ ಸಿಕಾನ ‘ಬೈಸಿಕಲ್ ಥೀವ್ಸ್’. 1948ರ ಇಟಾಲಿಯನ್ ಚಿತ್ರ. ಕತೆ ಒಂದೇ ಸಾಲು. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗಬೇಕಾದರೆ ಸೈಕಲ್ ಇರಬೇಕು, ಹಾಸಿಗೆ ಬಟ್ಟೆ ಅಡವಿಟ್ಟು ಸೈಕಲ್ ಬಿಡಿಸಿಕೊಳ್ತಾನೆ, ಕೆಲಸದ ಮೊದಲನೇ ದಿನವೇ ಸೈಕಲ್ ಕಳವಾಗುತ್ತೆ, ಅಪ್ಪ ಮಗ ಇಬ್ಬರೂ ರೋಮ್ ಎಲ್ಲಾ ಹುಡುಕ್ತಾರೆ. ಅಪ್ಪನ ಪಾತ್ರ ಮಾಡಿದ ಲಂಬೆರ್ಟೋ ಮಜೋರಾನಿ ನಟನಲ್ಲ, ಫ್ಯಾಕ್ಟರಿ ಕಾರ್ಮಿಕ. ಮಗ ಬೀದಿಯಲ್ಲಿ ಸಿಕ್ಕ ಹುಡುಗ. ಸೆಟ್ಟಿನ ಬದಲು ನಿಜವಾದ ರೋಮ್, ನಿಜವಾದ ಮಳೆ, ನಿಜವಾದ ಜನಜಂಗುಳಿ.

ಸಿನಿಮಾ ಮಾಡಿಯೇ ತೀರಬೇಕು ಅನ್ನೋ ನಿರ್ಧಾರ ಆ ಥಿಯೇಟರ್‌ನಿಂದ ಹೊರಗೆ ಬರುವಾಗಲೇ ಆಗಿತ್ತು ಅಂತ ರೇ ಅವರೇ ಮುಂದೆ ಹೇಳಿಕೊಂಡಿದ್ದಾರೆ. ನನಗೆ ಇದರಲ್ಲಿ ಭಾವುಕತೆಗಿಂತ ಎಂಜಿನಿಯರಿಂಗ್ ಹೆಚ್ಚು ಕಾಣುತ್ತೆ. (ಓದಿದ್ದು ಅದೇ ಅಲ್ವಾ, ಬಿಡೋಕಾಗಲ್ಲ.) ಆಗಲ್ಲ ಅಂತ ಎಲ್ಲರೂ ಹೇಳುತ್ತಿದ್ದ ಒಂದು ಯಂತ್ರವನ್ನು ಇನ್ನೊಬ್ಬ ಕಟ್ಟಿ ಓಡಿಸಿ ತೋರಿಸಿದ್ದಾನೆ. ಅದನ್ನು ಕಣ್ಣಾರೆ ನೋಡಿದ ಮೇಲೆ ‘ಆಗಲ್ಲ’ ಅನ್ನೋ ಮಾತಿಗೆ ಅರ್ಥವಿಲ್ಲ. ಪುಸ್ತಕ ಓದಿ ಆ ಧೈರ್ಯ ಬರುತ್ತಿರಲಿಲ್ಲ. ಹಿಂದಿನ ವರ್ಷ ಫ್ರಾನ್ಸಿನ ಜಾನ್ ರೆನ್ವಾರ್ ‘ದಿ ರಿವರ್’ ಚಿತ್ರಕ್ಕೆ ಜಾಗ ಹುಡುಕೋಕೆ ಕಲ್ಕತ್ತಾಕ್ಕೆ ಬಂದಿದ್ದಾಗ ರೇ ಅವರ ಜೊತೆ ಸುತ್ತಾಡಿದ್ದರು, ಗಂಟೆಗಟ್ಟಲೆ ಮಾತಾಡಿದ್ದರು. ಅಷ್ಟು ದೊಡ್ಡ ಗುರು ಸಿಕ್ಕಿದ್ದರೂ ಗಂಟು ಬಿಚ್ಚಿದ್ದು ಥಿಯೇಟರ್‌ನ ಕುರ್ಚಿಯಲ್ಲಿ.

ವಾಪಸ್ ಬರುವ ಹಡಗಿನಲ್ಲೇ ‘ಪಥೇರ್ ಪಾಂಚಾಲಿ’ಯ ಟಿಪ್ಪಣಿ ಶುರುವಾಯಿತು.

ಆಮೇಲಿನದ್ದು ನಿಮಗೆ ಗೊತ್ತಿರುವ ಕತೆ, ಬೇಗ ಹೇಳ್ತೀನಿ. 1952ರ ಅಕ್ಟೋಬರ್ 27ರಂದು ಮೊದಲ ಶೂಟಿಂಗ್. ಕಾಶ ಹುಲ್ಲು ಹೂಬಿಟ್ಟ ಬಯಲಿನಲ್ಲಿ ಅಕ್ಕ ತಮ್ಮ ಓಡುವ ದೃಶ್ಯ. ಅರ್ಧ ತೆಗೆದು, ಮುಂದಿನ ವಾರ ಹೋಗಿ ನೋಡಿದರೆ ದನಗಳು ಬಂದು ಹೂವನ್ನೆಲ್ಲಾ ಮೇದು ಹೋಗಿದ್ದವು! ಮತ್ತೆ ಹೂ ಬಿಡೋವರೆಗೆ ಆ ದೃಶ್ಯ ಕಾಯಬೇಕಾಯಿತು. ಕ್ಯಾಮೆರಾಮನ್ ಸುಬ್ರತ ಮಿತ್ರನಿಗೆ ಇಪ್ಪತ್ತೊಂದು ವರ್ಷ, ಸಿನಿಮಾ ಕ್ಯಾಮೆರಾ ಅದಕ್ಕೂ ಮೊದಲು ಮುಟ್ಟಿದವನಲ್ಲ. ದುಡ್ಡು ಖಾಲಿಯಾಗಿ ಹೆಂಡತಿಯ ಒಡವೆ ಅಡವಿಗೆ ಹೋಯಿತು. ಕೊನೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಬಿ. ಸಿ. ರಾಯ್ ಸರ್ಕಾರದಿಂದ ಹಣ ಕೊಡಿಸಿದರು. ‘ಪಥೇರ್’ ಅಂದ್ರೆ ದಾರಿಯ, ರಸ್ತೆಯ. ಹಣ ಬಂದದ್ದು ರಸ್ತೆ ಅಭಿವೃದ್ಧಿಯ ಲೆಕ್ಕದಲ್ಲಿ. ನಮ್ಮ ದೇಶದಲ್ಲಿ ರಸ್ತೆಗೆ ಅಂತ ಖರ್ಚಾದ ದುಡ್ಡಿನಲ್ಲಿ ಇಷ್ಟು ಗಟ್ಟಿಯಾಗಿ ಉಳಿದದ್ದು ಬೇರೆ ಇದೆಯಾ, ನೀವೇ ಹೇಳಿ.

1955ರ ಮೇ 3ರಂದು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಮೊದಲ ಪ್ರದರ್ಶನ. ಸಬ್‌ಟೈಟಲ್ ಕೂಡ ಇರಲಿಲ್ಲ. ಕಲ್ಕತ್ತಾದಲ್ಲಿ ಬಿಡುಗಡೆಯಾದದ್ದು ಅದೇ ಆಗಸ್ಟ್ 26ಕ್ಕೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಕಲ್ಕತ್ತಾದಲ್ಲಿ ಮೊದಮೊದಲು ಜನ ಬರಲಿಲ್ಲ. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು, ಹೌಸ್‌ಫುಲ್ ಶುರುವಾಯಿತು. ಅಷ್ಟೊತ್ತಿಗೆ ಆ ಥಿಯೇಟರ್‌ಗೆ ಮೊದಲೇ ಬುಕ್ ಆಗಿದ್ದ ದೊಡ್ಡ ಸಿನಿಮಾದ ಡೇಟ್ ಬಂತು. ಮದ್ರಾಸಿನ ಜೆಮಿನಿ ವಾಸನ್ ಅವರ ‘ಇನ್ಸಾನಿಯತ್’, ದಿಲೀಪ್ ಕುಮಾರ್ ಮತ್ತು ದೇವ್ ಆನಂದ್ ಇಬ್ಬರೂ ಇದ್ದ ಚಿತ್ರ. ‘ಪಥೇರ್ ಪಾಂಚಾಲಿ’ಯನ್ನು ಎತ್ತಬೇಕಾಯಿತು. ಬೇರೆ ಥಿಯೇಟರ್‌ನಲ್ಲಿ ಮುಂದುವರಿಯಿತು ಅನ್ನೋದು ಬೇರೆ ಮಾತು. ವಾಸನ್ ಅವರು ಆಮೇಲೆ ಈ ಸಿನಿಮಾ ನೋಡಿ ಮನಸಾರೆ ಮೆಚ್ಚಿಕೊಂಡರು. ಆದರೆ ಡೇಟ್ ಡೇಟೇ. ಇದರಲ್ಲಿ ವಿಲನ್ ಯಾರೂ ಇಲ್ಲ. ಥಿಯೇಟರ್ ಮಾಲೀಕ ಕೊಟ್ಟ ಮಾತಿನಂತೆ ನಡೆದುಕೊಂಡ, ವಾಸನ್ ತಮ್ಮ ಹಕ್ಕಿನ ಡೇಟ್ ತಗೊಂಡರು. ಯಾರದ್ದೂ ತಪ್ಪಿಲ್ಲದೆಯೂ ಒಳ್ಳೆಯ ಸಿನಿಮಾ ಎದ್ದುಹೋಗುತ್ತೆ.

ಮೂರು ವರ್ಷ ಬಿಟ್ಟು, 1958ರ ಸೆಪ್ಟೆಂಬರ್‌ನಲ್ಲಿ, ಎಡ್ವರ್ಡ್ ಹ್ಯಾರಿಸನ್ ಅನ್ನೋ ವಿತರಕ ಇದೇ ಸಿನಿಮಾವನ್ನು ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂ ಪ್ಲೇಹೌಸ್‌ನಲ್ಲಿ ಹಾಕಿದ. ಅದೂ ಅಕಾಡೆಮಿಯ ಜಾತಿಯ ಸಣ್ಣ ಥಿಯೇಟರ್. ‘ನ್ಯೂಯಾರ್ಕ್ ಟೈಮ್ಸ್’ನ ವಿಮರ್ಶಕ ಬಾಸ್ಲಿ ಕ್ರೌಥರ್, ಸಿನಿಮಾದ ಎಡಿಟಿಂಗ್ ಕಚ್ಚಾ ಅಂತ ಕೊಂಕು ತೆಗೆದಿದ್ದ. ನಮ್ಮಲ್ಲಾದರೆ ಅವತ್ತು ಸಂಜೆಯೇ ಪ್ಯಾಕಪ್. ಅಲ್ಲಿ ಎಷ್ಟು ದಿನ ಓಡಿತು ಗೊತ್ತಾ? ಸುಮಾರು ಎಂಟು ತಿಂಗಳು. ಬಂಗಾಳದ ಹಳ್ಳಿಯ ಬಡ ಬ್ರಾಹ್ಮಣ ಕುಟುಂಬದ ಕತೆ, ಮ್ಯಾನ್‌ಹಟನ್‌ನಲ್ಲಿ, ಎಂಟು ತಿಂಗಳು. ಸಿನಿಮಾ ಅದೇ, ರೀಲು ಅದೇ. ವ್ಯತ್ಯಾಸ ಥಿಯೇಟರ್‌ನದ್ದು.

ಇನ್ನು ನಮ್ಮ ಕಡೆಗೆ ಬರೋಣ. ಲಂಡನ್‌ನಲ್ಲಿ ರೇ ನೋಡಿದ ಪ್ರಪಂಚ ನಮ್ಮವರೆಗೆ ಹೇಗೆ ಬಂತು?

1952ರ ಜನವರಿ 24ರಂದು ಬೊಂಬಾಯಿಯಲ್ಲಿ ಭಾರತದ ಮೊದಲ ಅಂತಾರಾಷ್ಟ್ರೀಯ ಚಿತ್ರೋತ್ಸವ ಶುರುವಾಯಿತು. ಅಲ್ಲಿಂದ ಮದ್ರಾಸ್, ದೆಹಲಿ, ಕಲ್ಕತ್ತಾಕ್ಕೂ ಹೋಯಿತು. ‘ಬೈಸಿಕಲ್ ಥೀವ್ಸ್’ ಅಲ್ಲಿ ಬಂದದ್ದೇ ಬಂದದ್ದು, ಬಿಮಲ್ ರಾಯ್‌ಗೆ ‘ದೋ ಬಿಘಾ ಜಮೀನ್’ ಮಾಡುವ ಹುಮ್ಮಸ್ಸು ಬಂತು. 1959ರಲ್ಲಿ ಫಿಲ್ಮ್ ಸೊಸೈಟಿಗಳ ಒಕ್ಕೂಟ ಹುಟ್ಟಿತು, ರೇ ಅಧ್ಯಕ್ಷರು. ಮೊದಲಿಗೆ ಸೇರಿದ್ದು ಆರು ಊರು. ಕಲ್ಕತ್ತಾ, ದೆಹಲಿ, ಬೊಂಬಾಯಿ, ಮದ್ರಾಸ್, ಪಟ್ನಾ. ಆರನೆಯದು ಯಾವುದು ಹೇಳಿ ನೋಡೋಣ? ರೂರ್ಕಿ. ಹೌದು, ಎಂಜಿನಿಯರಿಂಗ್ ಕಾಲೇಜಿನ ಊರು ರೂರ್ಕಿ. ಬೆಂಗಳೂರು ಆ ಪಟ್ಟಿಯಲ್ಲಿ ಇಲ್ಲ.

ನಾನೂ ‘ಬೈಸಿಕಲ್ ಥೀವ್ಸ್’ ನೋಡಿದ್ದು ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲೇ. ಲ್ಯಾನ್‌ನಲ್ಲಿ ಯಾರೋ ಹಾಕಿದ್ದ ಕಳ್ಳ ಕಾಪಿ, ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್, ಸುತ್ತ ಎಂಟು ಜನ. ಕೊನೆಯ ದೃಶ್ಯಕ್ಕೆ ಎಂಟರಲ್ಲಿ ಉಳಿದಿದ್ದು ಮೂವರು. ಕಳ್ಳತನದ ಬಗ್ಗೆ ಇರುವ ಸಿನಿಮಾವನ್ನು ಕದ್ದು ನೋಡಿದ್ದಕ್ಕೆ ಈಗ ನಾಚಿಕೆಯಾಗುತ್ತೆ. ಆದರೆ ದುಡ್ಡು ಕೊಟ್ಟು ನೋಡ್ತೀನಿ ಅಂದಿದ್ದರೂ ನಮ್ಮೂರಲ್ಲಿ ಕೌಂಟರ್ ಎಲ್ಲಿತ್ತು?

1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾಯಿತು. ಅಲ್ಲಿಗೆ ಬಂದವರು ಪಿ. ಕೆ. ನಾಯರ್. ಕಸದ ಬುಟ್ಟಿಗೆ ಹೋಗಬೇಕಿದ್ದ ರೀಲುಗಳನ್ನು ಹುಡುಕಿ ತಂದು ಜೋಡಿಸಿದ ಮನುಷ್ಯ. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ಇವತ್ತು ನಾವು ನೋಡುವಷ್ಟು ಭಾಗ ಉಳಿದಿರೋದು ಅವರು ಫಾಲ್ಕೆ ಮನೆಯವರ ಬೆನ್ನು ಹತ್ತಿದ್ದರಿಂದ. 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಭಂಡಾರದಲ್ಲಿ ಸುಮಾರು 12 ಸಾವಿರ ಚಿತ್ರಗಳಿದ್ದವು. ಆದರೆ ಅವರನ್ನು ಬರೀ ಕೂಡಿಟ್ಟ ಮನುಷ್ಯ ಅಂದುಕೊಳ್ಳಬೇಡಿ. ಕೇಳಿದವರಿಗೆ ಕಳಿಸುತ್ತಿದ್ದರು. ದೇಶದ ಮೂಲೆಮೂಲೆಯ ಫಿಲ್ಮ್ ಸೊಸೈಟಿಗಳಿಗೆ ಪುಣೆಯಿಂದ ಡಬ್ಬಗಳು ಹೋಗುತ್ತಿದ್ದವು.

ಅಂಥ ಒಂದು ಮೂಲೆ, ಸಾಗರ ತಾಲ್ಲೂಕಿನ ಹೆಗ್ಗೋಡು.

ಆ ಹೊತ್ತಿಗೆ ಕನ್ನಡದಲ್ಲೂ ಗಾಳಿ ಬದಲಾಗಿತ್ತು. 1970ರ ‘ಸಂಸ್ಕಾರ’ವನ್ನು ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು, ಕೊನೆಗೆ ಅದೇ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ. 1973ರಲ್ಲಿ ಹೆಗ್ಗೋಡಿನ ನೀನಾಸಂನಲ್ಲಿ ಕೆ. ವಿ. ಸುಬ್ಬಣ್ಣನವರು ಚಿತ್ರಸಮಾಜ ಶುರು ಮಾಡಿದರು. ಲಂಡನ್, ಕಲ್ಕತ್ತಾ, ಬೆಂಗಳೂರು ಸರಿ. ಆದರೆ ಇದು ಅಡಿಕೆ ತೋಟದ ಊರು. ಸಾಗರದ ಬಸ್ಸು ತಪ್ಪಿಸಿಕೊಂಡರೆ ಇನ್ನೊಂದಕ್ಕೆ ಕಾಯಬೇಕಾದ ಊರು. ಅಲ್ಲಿ ‘ಬೈಸಿಕಲ್ ಥೀವ್ಸ್’, ‘ಪಥೇರ್ ಪಾಂಚಾಲಿ’, ‘ರಶೋಮನ್’!

ಹಳ್ಳಿಯವರಿಗೆ ಇಂಥದ್ದು ಅರ್ಥ ಆಗುತ್ತಾ ಅಂತ ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಮ್ಮ ಚಾನೆಲ್‌ಗಳಲ್ಲಿ ಟಿಆರ್‌ಪಿ ಮೀಟಿಂಗ್ ಅಂತ ಒಂದು ನಡೆಯುತ್ತೆ. ಅಲ್ಲಿ ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ಬರುತ್ತೆ: ‘ಇದು ಜನಕ್ಕೆ ಅರ್ಥ ಆಗುತ್ತಾ ಗುರು?’ ಆ ಜನ ಯಾರು ಅಂತ ಯಾರೂ ಕೇಳಲ್ಲ. ಸುಬ್ಬಣ್ಣನವರು ಆ ಪ್ರಶ್ನೆಯನ್ನು ಚರ್ಚೆ ಮಾಡುತ್ತಾ ಕೂರಲಿಲ್ಲ, ಪ್ರೊಜೆಕ್ಟರ್ ಹಾಕಿ ತೋರಿಸಿದರು. ನನಗನ್ನಿಸೋದು ಇಷ್ಟು. ಸೈಕಲ್ ಕಳೆದುಹೋದರೆ ಏನಾಗುತ್ತೆ ಅನ್ನೋದು ಲಂಡನ್‌ನ ಮೇಫೇರ್‌ನವರಿಗಿಂತ ಹೆಗ್ಗೋಡಿನವರಿಗೆ ಚೆನ್ನಾಗಿ ಗೊತ್ತು. ಕೇಳಿದ್ದನ್ನು ಆಡಿಸಿ ತೋರಿಸುವ ತಾಳಮದ್ದಳೆ, ಯಕ್ಷಗಾನದ ನಾಡಿಗೆ, ಒಂದೇ ಕೊಲೆಯನ್ನು ನಾಲ್ಕು ಜನ ನಾಲ್ಕು ಥರ ಹೇಳುವ ‘ರಶೋಮನ್’ ಯಾಕೆ ಕಷ್ಟ ಆಗಬೇಕು?

ಇದು ಬರೀ ನನ್ನ ಊಹೆ ಅಲ್ಲ. ನಾಯರ್ ಅವರ ಮೇಲೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಅನ್ನೋ ಡಾಕ್ಯುಮೆಂಟರಿ ಇದೆ. ಅದರಲ್ಲಿ ಹೆಗ್ಗೋಡಿನ ಜನ ಆಗ ನೋಡಿದ ಚಿತ್ರಗಳ ಬಗ್ಗೆ ಮಾತಾಡ್ತಾರೆ. ತಮ್ಮ ಊರಿನ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಇಟಲಿಯ ಆ ಅಪ್ಪ ಮಗನ ಬಗ್ಗೆ ಹೇಳ್ತಾರೆ. ಆ ಭಾಗ ನೋಡಿದಾಗ ನನಗೆ ನಮ್ಮ ಹಾಸ್ಟೆಲ್‌ನಲ್ಲಿ ಎದ್ದುಹೋದ ಐದು ಜನ ನೆನಪಾದರು. ಅರ್ಥ ಆಗದವರು ಇದ್ದದ್ದು ಯಾವ ಕಡೆ? ಈ ಡಾಕ್ಯುಮೆಂಟರಿ 2012ರ ಜೂನ್‌ನಲ್ಲಿ ಮೊದಲು ತೆರೆ ಕಂಡದ್ದು ಇಟಲಿಯ ಬೊಲೋನ್ಯಾದಲ್ಲಿ, ಹಳೇ ಸಿನಿಮಾಗಳಿಗೇ ಅಂತ ಪ್ರತಿ ಬೇಸಿಗೆ ನಡೆಯುವ ‘ಇಲ್ ಚಿನೆಮಾ ರಿತ್ರೊವಾತೊ’ ಉತ್ಸವದಲ್ಲಿ. ಹೆಗ್ಗೋಡಿಗೆ ಇಟಲಿಯ ಸಿನಿಮಾ ಬಂದಿತ್ತು, ಹೆಗ್ಗೋಡು ಇಟಲಿಯ ತೆರೆಗೆ ಹೋಯಿತು.

ಬೊಲೋನ್ಯಾ ಅಂದೆನಲ್ಲ, ಈ ಕತೆಯಲ್ಲಿ ಆ ಊರಿಗೆ ಇನ್ನೂ ದೊಡ್ಡ ಪಾತ್ರ ಇದೆ. ಅದಕ್ಕೆ ಮತ್ತೊಂದು ಬೇಸಿಗೆಗೆ ಹೋಗಬೇಕು. ಮತ್ತೆ ಲಂಡನ್.

1992ರಲ್ಲಿ ರೇ ಅವರಿಗೆ ಗೌರವ ಆಸ್ಕರ್ ಕೊಟ್ಟರು. ಕಲ್ಕತ್ತಾದ ಆಸ್ಪತ್ರೆಯ ಹಾಸಿಗೆ ಮೇಲೆ ಅದನ್ನು ಹಿಡಿದುಕೊಂಡಿದ್ದ ಚಿತ್ರ ನಿಮಗೂ ನೆನಪಿರಬಹುದು. ಏಪ್ರಿಲ್ 23ರಂದು ತೀರಿಕೊಂಡರು. ಪ್ರಶಸ್ತಿ ಸಮಾರಂಭಕ್ಕೆ ಅವರ ಸಿನಿಮಾದ ತುಣುಕುಗಳನ್ನು ಹುಡುಕುವಾಗ ಆಸ್ಕರ್‌ನವರಿಗೆ ಗೊತ್ತಾಯಿತು, ಒಳ್ಳೆಯ ಪ್ರಿಂಟುಗಳೇ ಇಲ್ಲ. ಸರಿ, ಮೂಲ ನೆಗೆಟಿವ್‌ಗಳನ್ನೇ ತರಿಸಿ ಉಳಿಸೋಣ ಅಂತ ಹೊರಟರು. ಭಾರತದಿಂದ ಹೊರಟ ನೆಗೆಟಿವ್‌ಗಳು ಲಂಡನ್‌ನ ಹೆಂಡರ್‌ಸನ್ಸ್ ಲ್ಯಾಬ್ ತಲುಪಿದವು. 1993ರ ಜುಲೈನಲ್ಲಿ ಆ ಲ್ಯಾಬ್‌ಗೆ ಬೆಂಕಿ ಬಿತ್ತು. ಉಳಿಸೋಕೆ ಅಂತ ಕಳಿಸಿದ ‘ಪಥೇರ್ ಪಾಂಚಾಲಿ’, ‘ಅಪರಾಜಿತೋ’, ‘ಅಪುರ್ ಸಂಸಾರ್’ ಮೂರೂ ಆ ಬೆಂಕಿಯಲ್ಲಿ ಸಿಕ್ಕಿಬಿದ್ದವು. ನಲವತ್ಮೂರು ವರ್ಷಗಳ ಹಿಂದೆ ಯಾವ ಊರಿನ ಬೇಸಿಗೆಯಲ್ಲಿ ಆ ಸಿನಿಮಾದ ಆಸೆ ಗಟ್ಟಿಯಾಯಿತೋ, ಅದೇ ಊರಿನ ಬೇಸಿಗೆಯಲ್ಲಿ ಅದರ ನೆಗೆಟಿವ್ ಸುಟ್ಟಿತು.

ಆಸ್ಕರ್‌ನವರ ಫಿಲ್ಮ್ ಭಂಡಾರ ಒಂದು ಜಾಣ ಕೆಲಸ ಮಾಡಿತು. ಸುಟ್ಟ ಚೂರುಗಳನ್ನು ಎಸೆಯಲಿಲ್ಲ. ಆಗಿನ ತಂತ್ರಜ್ಞಾನದಲ್ಲಿ ಅವುಗಳಿಂದ ಏನೂ ಮಾಡುವ ಹಾಗಿರಲಿಲ್ಲ, ಆದರೂ ಇಟ್ಟುಕೊಂಡರು. ಇಪ್ಪತ್ತು ವರ್ಷ ಕಳೆದ ಮೇಲೆ ಕ್ರೈಟೀರಿಯನ್ ಕಂಪನಿ ಅವನ್ನು ಬೊಲೋನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬ್‌ಗೆ ಕಳಿಸಿತು.

ಅಲ್ಲಿ ಮಾಡಿದ್ದೇನು ಅಂತ ಹೇಳಲೇಬೇಕು. ಫಿಲ್ಮಿನ ಅಂಚಿನಲ್ಲಿ ಸಾಲಾಗಿ ತೂತುಗಳಿರುತ್ತವೆ. ಯಂತ್ರದ ಹಲ್ಲು ಆ ತೂತಿಗೆ ಸಿಕ್ಕಿಕೊಂಡು ಫಿಲ್ಮನ್ನು ಎಳೆಯುತ್ತೆ. ಬೆಂಕಿಗೆ ಸಿಕ್ಕಿದ ಫಿಲ್ಮ್ ಹಪ್ಪಳದ ಹಾಗಾಗಿ, ಅಂಚು ಮುರಿದು, ತೂತುಗಳೇ ಹೋಗಿದ್ದವು. ಸ್ಕ್ಯಾನರ್‌ಗೆ ಹಾಕಿದರೆ ಪುಡಿ. ಅದಕ್ಕೆ ಮೊದಲು ಫಿಲ್ಮಿಗೆ ತೇವ ಕೊಟ್ಟು ಮೆತ್ತಗೆ ಮಾಡಿದರು. ಕರಗಿ ಅಂಟಿದ್ದ ಟೇಪು, ಗೋಂದು, ಮೇಣವನ್ನು ಕೆರೆದು ತೆಗೆದರು. ಹೋದ ಅಂಚನ್ನು, ಹೋದ ತೂತುಗಳನ್ನು ಕೈಯಲ್ಲಿ ಮತ್ತೆ ಕಟ್ಟಿದರು. ಸುಮಾರು ಸಾವಿರ ಗಂಟೆ ಬರೀ ಕೈಕೆಲಸ. ಕಂಪ್ಯೂಟರ್ ಆಮೇಲೆ. ‘ಪಥೇರ್ ಪಾಂಚಾಲಿ’ಯಲ್ಲಿ ಹೀಗೆ ಮೂಲ ನೆಗೆಟಿವ್‌ನಿಂದಲೇ ದಕ್ಕಿದ್ದು ಶೇ. 40ರಷ್ಟು, ‘ಅಪರಾಜಿತೋ’ದಲ್ಲಿ ಶೇ. 60ಕ್ಕೂ ಹೆಚ್ಚು. ಉಳಿದದ್ದನ್ನು ಬೇರೆ ಬೇರೆ ಭಂಡಾರಗಳಲ್ಲಿದ್ದ ಪ್ರತಿಗಳಿಂದ ತುಂಬಿದರು.

2015ರ ಮೇ ತಿಂಗಳಲ್ಲಿ ಆ ಮೂರೂ ಚಿತ್ರ ನ್ಯೂಯಾರ್ಕ್‌ನ ಫಿಲ್ಮ್ ಫೋರಂನಲ್ಲಿ ತೆರೆಗೆ ಬಂದವು. ಫಿಲ್ಮ್ ಫೋರಂ 1970ರಲ್ಲಿ ಶುರುವಾದಾಗ ಅದರಲ್ಲಿದ್ದದ್ದು ಐವತ್ತು ಮಡಚುವ ಕುರ್ಚಿ, ಒಂದು ಪ್ರೊಜೆಕ್ಟರ್. ಇವತ್ತಿಗೂ ಲಾಭಕ್ಕೆ ನಡೆಯುವ ಸಂಸ್ಥೆಯಲ್ಲ. ಟಿಕೆಟ್ ಹಣ, ಸದಸ್ಯರ ವಂತಿಗೆ, ದಾನಿಗಳ ಕೊಡುಗೆ, ಇದರಲ್ಲೇ ಹೂಸ್ಟನ್ ಸ್ಟ್ರೀಟ್‌ನಲ್ಲಿ ನಡೆಯುತ್ತಿದೆ. ಬೇಸಿಗೆ ಅಂದ್ರೆ ಹಾಲಿವುಡ್‌ನ ದೊಡ್ಡ ಪಟಾಕಿಗಳ ಕಾಲ. ಪಕ್ಕದ ಬೀದಿಗಳಲ್ಲಿ ಡೈನೋಸಾರ್, ಸೂಪರ್‌ಹೀರೋ. ಇಲ್ಲಿ ಮಾತ್ರ ಬಂಗಾಳದ ಮಳೆಯಲ್ಲಿ ನೆನೆಯುವ ದುರ್ಗಾ. ಅರವತ್ತು ವರ್ಷದ ಹಿಂದಿನ ಸಿನಿಮಾಕ್ಕೆ ಜನ ಟಿಕೆಟ್ ತಗೊಂಡು ಬಂದರು.

ಇಷ್ಟೆಲ್ಲಾ ಬರೆಯುವಾಗ ನನ್ನ ತಲೆಯಲ್ಲಿ ಸುತ್ತುತ್ತಿರುವ ಹೆಸರು ಇನ್ನೊಂದು. ‘ಸತಿ ಸುಲೋಚನ’. 1934ರ ಮಾರ್ಚ್ 3, ಬೆಂಗಳೂರಿನಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ಟಾಕಿ. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯ. ಪ್ರತಿ ವರ್ಷ ಆ ದಿನ ನಮ್ಮ ಚಾನೆಲ್‌ನಲ್ಲೂ ಒಂದು ಪ್ಯಾಕೇಜ್ ಹೋಗುತ್ತೆ, ಹಿನ್ನೆಲೆ ದನಿ ನನ್ನದೇ. ತೋರಿಸೋಕೆ ಮಾತ್ರ ಎರಡು ಮೂರು ಸ್ಟಿಲ್ಫೋಟೋ. ಯಾಕಂದ್ರೆ ಸಿನಿಮಾದ ಒಂದು ಪ್ರತಿಯೂ ಉಳಿದಿಲ್ಲ. ಅದಕ್ಕೆ ಯಾವ ಬೆಂಕಿಯ ನೆಪವೂ ಇಲ್ಲ. ಮೊದಲ ಓಟ ಮುಗಿದ ಮೇಲೆ ಮತ್ತೆ ಹಾಕುವ ಜಾಗ ಇಲ್ಲದಿದ್ದರೆ ಪ್ರಿಂಟ್ ಇಟ್ಟುಕೊಳ್ಳೋಕೆ ಯಾರಿಗೂ ಕಾರಣ ಇರೋದಿಲ್ಲ. ಇನ್ನೊಂದು ಕಡೆ, ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಬೊಲೋನ್ಯಾದ ಅದೇ ಲ್ಯಾಬ್‌ನಲ್ಲಿ ಹೊಸದಾಗಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆ ಕಂಡಿತು. ಸಂತೋಷದ ವಿಷಯ. ಆ ರಾತ್ರಿ ನಮ್ಮ ಬುಲೆಟಿನ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಟಿಕ್ಕರ್‌ನ ಒಂದು ಸಾಲು.

ಕೆಲವು ತಿಂಗಳ ಹಿಂದೆ ನಮ್ಮ ಸ್ಟುಡಿಯೋಗೆ ಒಬ್ಬ ಹುಡುಗ ನಿರ್ದೇಶಕ ಬಂದಿದ್ದ. ಅಪ್ಪನ ಜಮೀನಿನ ಮೇಲೆ ಸಾಲ ತೆಗೆದು ಸಿನಿಮಾ ಮಾಡಿದ್ದ, ಹೊರದೇಶದ ಒಂದು ಉತ್ಸವಕ್ಕೂ ಹೋಗಿ ಬಂದಿತ್ತು. ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ಬೆಳಗ್ಗೆ ಒಂಬತ್ತೂವರೆಯ ಒಂದೇ ಒಂದು ಶೋ. ಸೋಮವಾರದ ಹೊತ್ತಿಗೆ ಅದೂ ಇಲ್ಲ. ಸಿಂಗಲ್ ಸ್ಕ್ರೀನ್‌ಗೆ ಹೋಗೋಣ ಅಂದ್ರೆ ವಾರದ ಬಾಡಿಗೆ ಮುಂಗಡ ಕಟ್ಟಬೇಕು. ‘ನಾನು ಕೇಳ್ತಿರೋದು ನೂರು ಥಿಯೇಟರ್ ಅಲ್ಲಣ್ಣ, ಒಂದೇ ಥಿಯೇಟರ್, ಒಂದು ತಿಂಗಳು,’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ರೇಕ್ ತಗೊಂಡೆ.

ಹೋಗುವಾಗ ಒಂದು ಹಾರ್ಡ್‌ಡಿಸ್ಕ್ ಕೊಟ್ಟು ಹೋದ. ಪೂರ್ತಿ ಸಿನಿಮಾ ಇದೆ, ಬಿಡುವಾದಾಗ ನೋಡಿ ಅಂದ. ನೋಡಿದೆ. ಚೆನ್ನಾಗಿದೆ. ಈಗ ಅದು ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಹಾರ್ಡ್‌ಡಿಸ್ಕ್ ಎಷ್ಟು ವರ್ಷ ಬಾಳುತ್ತೆ ಅಂತ ಎಂಜಿನಿಯರಿಂಗ್ ಓದಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿಂಗಳಿಗೊಮ್ಮೆ ತೆಗೆದು ಕಂಪ್ಯೂಟರ್‌ಗೆ ಹಾಕಿ, ಓಡ್ತಾ ಇದೆಯಾ ಅಂತ ನೋಡಿ, ಮತ್ತೆ ಒಳಗಿಡ್ತೀನಿ.